ಎರಡಲ್ಲ, ಒಂದೇ ಕಪ್ಪಿ

ವಿರೂಪಾಪುರಗಡ್ಡಿ
೨೨ ಜೂನ್ ೨೦೨೫

ಅಪ್ಪಾ,

ನಿನ್ನ ಸಿಟ್ಟು ಇನ್ನಾ ಇಳಿದಿಲ್ಲ ಅಂತ ಗೊತ್ತೈತಿ. ಇಳೀಲಿ ಅಂತ ಕಾಯ್ಕೊಂತ ಕುಂದ್ರಾಕ ನನಗೂ ಆಗಂಗಿಲ್ಲ. ಅದಕ್ಕ ಬರಿಯಾಕತ್ತೇನಿ. ಇಲ್ಲಿ ಒಂದು ಖೋಲಿ ಹಿಡದೇನಿ, ಹೊಟ್ಟಿ ತುಂಬ ಉಣ್ಣಾಕತ್ತೇನಿ, ಅವ್ವಗ ಹೇಳು.

ಯಲಬುರ್ಗಾದವ್ರು ನನ್ನ ನೋಡಾಕ ಬಂದ ದಿನ ನೀ ಏನಂದಿದ್ದಿ? ಕಿವಿ ಮಷೀನು ಕೂದ್ಲದಾಗ ಮುಚ್ಚಿಕೋ, ಏನ ಕೇಳಿದ್ರೂ ಹೂಂ ಅನ್ನು ಅಂದಿದ್ದಿ. ನಾನು ತುರುಬು ಕಟ್ಟಿ ಬಂದು ಕುಂತೆ. ‘ಎಂಎಸ್ಸಿ ಓದುವಾಗ ಮೆದುಳು ಜ್ವರ ಬಂದು ಕಿವಿ ಹೋಗ್ಯಾವ್ರಿ. ಮಷೀನು ಹಾಕಿದ್ರ ಒಂದು ಕಿವಿಗೆ ಅಷ್ಟೋ ಇಷ್ಟೋ ಕೇಳತೈತಿ. ಮಾರಿ ನೋಡಿ ಮಾತಾಡಿದ್ರ ಎಲ್ಲಾ ತಿಳೀತೈತಿ’ ಅಂದೆ. ಅವ್ರು ಚಾ ಕುಡೀದ ಎದ್ದು ಹೋದ್ರು. ನೀ ಅಂಗಳದಾಗ ನಿಂತು ಬೈದದ್ದು ನನಗ ಕೇಳಲಿಲ್ಲ. ಆದ್ರ ತುಟಿ ಓದಾಕ ಬರತೈತಲ್ಲ ಅಪ್ಪಾ, ಒಂದಕ್ಷರಾನೂ ತಪ್ಪಲಿಲ್ಲ.

ಇರಲಿ. ನಾ ಇಲ್ಲಿ ಏನ ಮಾಡಾಕತ್ತೇನಿ ಅಂತ ಮಂದಿ ಕೇಳಿದ್ರ ನಾಚಿಕೊಳ್ಳದ ಹೇಳು: ಕಪ್ಪಿ ನೋಡತಾಳ ಅಂತ. ಗಂಗಾವತಿ ಕಡೆ ಹೊಳಿ ದಂಡಿಗೆ ಎಷ್ಟು ಥರದ ಕಪ್ಪಿ ಅದಾವು ಅಂತ ಒಂದು ಸಮೀಕ್ಷೆ ನಡದೈತಿ. ಗೋವಿಂದರಾಜ ಸರ್ ಅಂತ ಅದರ ಮುಖ್ಯಸ್ಥರು. ನಾನು, ಮುನವ್ವರ ಅಂತ ಒಬ್ಬ ಹುಡುಗ, ಇಬ್ಬರೂ ಅವರ ಸಹಾಯಕರು. ಮುನವ್ವರ ಕೊಪ್ಪಳದಾಂವ, ಓದಿನ್ಯಾಗ ನನಗಿಂತ ಒಂದು ವರ್ಷ ಸಣ್ಣಾಂವ.

ನನಗ ಕಿವಿ ಕೇಳಂಗಿಲ್ಲ ಅಂತ ಕೆಲಸ ಕೇಳಾಕ ಹೋದ ದಿನಾನೇ ಹೇಳೇನಿ. ಮುಚ್ಚಿ ಇಟ್ಟು ಸೇರಿಲ್ಲ.

ನಿನ್ನ ಮಗಳು
ಹುಲಿಗವ್ವ


ಗಿಣಿಗೇರಾ
ತಾ. ೪-೭-೨೦೨೫

ಚಿ. ಹುಲಿಗವ್ವಗ ನಿಮ್ಮಪ್ಪ ಓಬಳೆಪ್ಪ ಬರಿಯೋದು.

ನಿನ್ನ ಕಾಗದ ಬಂದು ಭಾಳ ದಿನ ಆತು. ಸಿಟ್ಟಿಗೆ ಒಡದಿದ್ದಿಲ್ಲ. ನಿಮ್ಮವ್ವ ಅದನ್ನ ದೇವ್ರ ಮಾಡದಾಗ ಇಟ್ಟು ದಿನಾ ಅದಕ್ಕೂ ಊದಿನಕಡ್ಡಿ ಬೆಳಗಾಕತ್ತಿದ್ಲು. ಅದಕ್ಕ ಒಡದು ಓದಿದೆ.

ಸಣ್ಣಾಕಿ ಇದ್ದಾಗಿಂದ ನಿನಗ ಒಂದು ಹಟ. ನಾ ಹೇಳಿದ್ದು ಸುಳ್ಳು ಹೇಳು ಅಂತ ಅಲ್ಲ. ಅವ್ರು ಕೇಳದಿದ್ರ ಸುಮ್ಮನ ಇರು ಅಂತ. ಮಂದಿ ನಮ್ಮ ಕೊರತಿ ಕೇಳಾಕ ಕಾಯ್ಕೊಂಡು ಕುಂತಿರತಾರ. ನಾವಾಗೇ ಯಾಕ ಕೊಡಬೇಕು? ನಾ ಈ ಕಬ್ಬಿಣದ ಕಾರ್ಖಾನ್ಯಾಗ ಇಷ್ಟು ವರ್ಷ ಹೆಂಗ ಉಳದೆ? ಸಾಹೇಬ ಏನ ಅಂದ್ರೂ ಹೂಂ ಅಂತ ತಲಿ ಹಾಕಿ ಉಳದೆ. ಅದರ ಮ್ಯಾಲೇ ನಿನ್ನ ಎಂಎಸ್ಸಿ ಆಗೈತಿ.

ನೀ ಮೊನ್ನೆ ಫೋನಿಗೆ ಮೆಸೇಜು ಹಾಕಿದ್ದಿ ಅಂತ, ಬರೇ ಚೌಕ ಚೌಕ ಬಂದಾವು. ನಮ್ಮದು ಬಟನ್ ಫೋನು. ಮಾತಾಡಾಕೂ ಬರಂಗಿಲ್ಲ, ಕೆಟ್ಟೈತಿ, ಯಾರ ಮಾತಾಡಿದ್ರೂ ಗೊರ ಗೊರ ಅಂತೈತಿ. ಕಾಗದಾನೇ ಬರಿ.

ಕಪ್ಪಿ ನೋಡಾಕ ಸರ್ಕಾರ ಪಗಾರ ಕೊಡತೈತಿ ಅಂದ್ರ ನನ್ನ ಜೋಡಿ ದುಡಿಯೋ ಹೊನ್ನೂರಪ್ಪ ನಂಬಲಿಲ್ಲ. ಶೆಡ್ಡಿನ ಮಂದಿಯೆಲ್ಲಾ ನಕ್ರು. ನಿಮ್ಮವ್ವ ಹೇಳತಾಳ: ಕಪ್ಪಿ ಮುಟ್ಟಿದ ಕೈಲೆ ರೊಟ್ಟಿ ಮುಟ್ಟಬ್ಯಾಡಂತ.

ನಿಮ್ಮಪ್ಪ
ಓಬಳೆಪ್ಪ


ವಿರೂಪಾಪುರಗಡ್ಡಿ
೨೦ ಜುಲೈ ೨೦೨೫

ಅಪ್ಪಾ,

ಅವ್ವಗ ಹೇಳು, ಸಬ್ಬಾನ ಹಚ್ಚಿ ತೊಳಕೊಂಡೇ ಉಣ್ಣತೇನಿ.

ಇಲ್ಲಿಯ ಮರಗಪ್ಪಿ ನೀನೂ ನೋಡಿರತಿ. ಬಾಳಿ ಎಲಿ ಮ್ಯಾಲ, ಬಚ್ಚಲ ಗ್ವಾಡಿ ಮ್ಯಾಲ ಕುಂತಿರತೈತಲ್ಲ, ಬೆರಳ ತುದಿ ಗುಂಡಗ, ಸಣಕಲ ಸೊಂಟ, ಕಂದು ಬಣ್ಣ. ಹಗಲೊತ್ತು ಗುಂಡುಗಲ್ಲಿನ ಮ್ಯಾಲ ಬಿಸಿಲಿಗೆ ಕುಂತ್ರ ಸುಣ್ಣ ಬಳದಂಗ ಬೆಳ್ಳಗ ಆಗತೈತಿ, ಸಂಜಿಗೆ ಮತ್ತ ಕಂದು. ಮಂದಿ ಬಿಳೇದು ಬ್ಯಾರೆ, ಕಂದು ಬ್ಯಾರೆ ಅಂತಾರ. ಅಲ್ಲ. ಬಣ್ಣಾ ನೋಡಿ ಮರಗಪ್ಪಿ ಜಾತಿ ಹೇಳಾಕ ಹೋದ್ರ ಕೆಟ್ಟಿವಿ ಅಂತನೇ ತಿಳಕೋ.

ನಾ ಕೆಲಸಕ್ಕ ಸೇರಿದ ಮೇ ತಿಂಗಳದಾಗ ಸರ್ ನಮ್ಮನ್ನ ಘಟ್ಟದ ಕಡೆ ಕಲಿಯಾಕ ಕರಕೊಂಡು ಹೋಗಿದ್ರು. ಅಲ್ಲಿ ಇದರದೇ ಅಣ್ತಮ್ಮ ಒಂದೈತಿ. ಬೆನ್ನಿನ ಮ್ಯಾಲ ಡಮರುಗದಂಥ ಗುರ್ತು. ಒಂದೊಂದಕ್ಕ ಆ ಗುರ್ತು ಮಾಸಿರತೈತಿ, ಆವಾಗ ಎರಡನ್ನೂ ಬಾಜೂಕ ಇಟ್ರ ಯಾವುದು ಯಾವುದು ಅಂತ ತಿಳಿಯಂಗಿಲ್ಲ. ತೊಡಿ ಹಿಂದಿನ ಚುಕ್ಕಿ ನೋಡಬೇಕು, ಮೈಯಳತಿ ನೋಡಬೇಕು, ಕಡೀಕ ಗಂಡು ಕೂಗೋದನ್ನ ಕೇಳಬೇಕು. ಕೂಗು ಸುಳ್ಳು ಹೇಳಂಗಿಲ್ಲ ಅಂತಾರ ಸರ್.

ನಮ್ಮ ಕಡೆ ಇರೋದು ಒಂದೇ ಜಾತಿ ಅಂತ ಇಷ್ಟು ದಿನಾ ಎಲ್ಲಾರೂ ಬರದಾರ. ಸರ್ ಈಗ ಎರಡು ಅಂತಾರ. ಗುಂಡುಗಲ್ಲಿನ ಮ್ಯಾಲಿನ ಗಂಡು ‘ಟಕ್ ಟಕ್ ಟಕ್’ ಅಂತ ಜಲ್ದಿ ಜಲ್ದಿ ಕೂಗತಾವು, ಬಾಳಿ ತ್ವಾಟದವು ನಿಧಾನ. ನೋಡಾಕ ಎಳ್ಳಷ್ಟೂ ಫರಕಿಲ್ಲ, ಕೂಗು ಬ್ಯಾರೆ, ಅದಕ್ಕ ಜಾತೀನೂ ಬ್ಯಾರೆ ಅಂತ ಅವರ ವಾದ. ಖರೆ ಆದ್ರ ಹೊಸಾ ಜಾತಿಗೆ ಹೆಸರಿಡೋ ಮಾನ ಅವರದು.

ಕಿವುಡಿ ಅಲ್ಲಿ ಏನ ಮಾಡತಾಳ ಅಂತೀಯೇನು? ಗಂಡು ಕೂಗುವಾಗ ಗಂಟಲ ಕೆಳಗಿನ ತೊಗಲು ಉಬ್ಬತೈತಿ, ಇಳೀತೈತಿ. ಬ್ಯಾಟರಿ ಬೆಳಕಿನ್ಯಾಗ ಅದು ಮಿಂಚತೈತಿ. ಹತ್ತಾರು ಕಪ್ಪಿ ಕೂಡಿ ಒದರುವಾಗ ಯಾವುದು ಕೂಗಿತು ಅಂತ ಮುನವ್ವರಗ ಗೊಂದಲ ಆಗತೈತಿ, ನನಗ ಆಗಂಗಿಲ್ಲ. ರೆಕಾರ್ಡರು ಹಿಡದ ದನಿ ಕಂಪ್ಯೂಟರಿನ ಮ್ಯಾಲ ಗೀಟು ಗೀಟಾಗಿ ಕಾಣತೈತಿ. ಅಂವ ಕೇಳತಾನ, ನಾ ನೋಡತೇನಿ, ಇಬ್ಬರೂ ಕೂಡಿ ಬರೀತೀವಿ.

ಇನ್ನೊಂದು ಮಾತು. ಫೋನ್ ಕೆಟ್ಟಿಲ್ಲ ಅಪ್ಪಾ. ಅವ್ವ ಅದರಾಗೇ ಮಾವನ ಜೋಡಿ ತಾಸಗಟ್ಲೆ ಮಾತಾಡತಾಳ. ಕಾರ್ಖಾನಿ ಗೇಟಿನ ಮುಂದ ಲಾರಿ ಹಾರ್ನ್ ಹೊಡದಾಗ ಹೊನ್ನೂರಪ್ಪ ಕಾಕಾ ನಿನ್ನ ತೋಳು ಹಿಡದು ಜಗ್ಗೋದನ್ನ ನಾ ಒಂದು ಸಲ ಅಲ್ಲ, ಭಾಳ ಸಲ ನೋಡೇನಿ. ಆ ಶೆಡ್ಡಿನ ಸಪ್ಪಳ ನಿನ್ನ ಕಿವಿ ತಿಂದೈತಿ. ದವಾಖಾನಿಗೆ ತೋರಸು. ಕಾರ್ಖಾನಿಗೂ ಹೇಳು.

ಹುಲಿಗವ್ವ


ಗಿಣಿಗೇರಾ
ತಾ. ೧-೮-೨೦೨೫

ಚಿ. ಹುಲಿಗವ್ವಗ,

ಆ ಮಾತು ಮತ್ತೊಮ್ಮೆ ಕಾಗದದಾಗ ಬರಿಬ್ಯಾಡ.

ಅವ್ವ ಆರಾಮ. ನಾನೂ ಆರಾಮ.

ಓಬಳೆಪ್ಪ


ವಿರೂಪಾಪುರಗಡ್ಡಿ
೩೦ ಆಗಸ್ಟ್ ೨೦೨೫

ಅಪ್ಪಾ,

ಬರಿಬ್ಯಾಡ ಅಂದಿ, ಈ ಸಲ ಬರಿಯಂಗಿಲ್ಲ. ಮರತೇನಿ ಅಂತ ತಿಳಕೋಬ್ಯಾಡ.

ಹೊಳಿ ಭಾಳ ಬಂದಿತ್ತು. ಹೊಳಿ ನಡುವಿನ ಈ ಗಡ್ಡಿಗೆ ಬರೋ ದಾರಿ ಕಡದು, ಸರ್ ಮತ್ತ ಮುನವ್ವರ ಗಂಗಾವತ್ಯಾಗ ಉಳದ್ರು, ನಾ ಈ ಕಡೆ ಉಳದೆ. ದಂಡಿ ಮ್ಯಾಲಿನ ಗುಂಡುಗಲ್ಲೆಲ್ಲಾ ನೀರಾಗ ಮುಳಗಿದ್ವು. ಅಲ್ಲಿದ್ದ ಕಪ್ಪಿಗಳ ಗತಿ ಏನಾತು ಅಂತ ಬಾಳಿ ತ್ವಾಟದಾಗ ಹುಡಕಾಕತ್ತಿದ್ದೆ. ದೀಪ ಹಚ್ಚೋ ಹೊತ್ತು. ಒಂದು ಗಂಡು ಎಲಿ ದಂಟಿನ ಮ್ಯಾಲ ಕುಂತು ಕೂಗಾಕತ್ತಿತ್ತು. ಮೊದಲ ಅದರ ಕೂಗು ರೆಕಾರ್ಡರಿನ್ಯಾಗ ತುಂಬಿಕೊಂಡೆ, ಆಮ್ಯಾಲ ಕೈ ತೊಯಿಸಿಕೊಂಡು ಮೆಲ್ಲಕ ಹಿಡದು ತೊಡಿ ನೋಡಿದೆ.

ಇದರ ತೊಡಿ ಹಿಂದ ಕರೀ ತೊಗಲಿನ ಮ್ಯಾಲ ಹಳದಿ ಚುಕ್ಕಿ ಇರತಾವು. ನಮ್ಮ ಬೆರಳಚ್ಚು ಇದ್ದಂಗ, ಒಂದೊಂದಕ್ಕ ಒಂದೊಂದು ಥರಾ. ನಾ ಜೂನದಿಂದ ಹಿಡದ ಪ್ರತಿ ಕಪ್ಪಿ ತೊಡಿ ಫೋಟೋ ತಗದೇನಿ. ಈ ಗಂಡಿನ ಎಡತೊಡಿ ಮ್ಯಾಲ ಮೂರು ಚುಕ್ಕಿ ಕೂಡಿಕೊಂಡಿದ್ವು, ಒಂದರ ಅಂಚು ಹರದಿತ್ತು. ನಾ ಇದನ್ನ ನೋಡೇನಿ ಅಂತ ಅನಿಸ್ತು. ಖೋಲಿಗೆ ಬಂದು ತಗದು ನೋಡಿದ್ರ ಹೌದು, ಜೂನದಾಗ ಗುಂಡುಗಲ್ಲಿನ ಮ್ಯಾಲ ಸಿಕ್ಕಿದ್ದ ಅದೇ ಗಂಡು! ಆವಾಗ ಅದು ಜಲ್ದಿ ಕೂಗತಿತ್ತು. ಈಗ ತ್ವಾಟದಾಗ ಕುಂತು ನಿಧಾನ ಕೂಗಾಕತ್ತೈತಿ. ಎರಡೂ ರೆಕಾರ್ಡರಿನ್ಯಾಗ ಅದಾವು. ಸರ್ ಹೇಳೋ ಹಂಗ ನೋಡಿದ್ರ ಒಂದೇ ಕಪ್ಪಿ ಜೂನದಾಗ ಒಂದು ಜಾತಿ, ಆಗಸ್ಟಿನ್ಯಾಗ ಇನ್ನೊಂದು ಜಾತಿ.

ಕಾರಣಾನೂ ತಿಳೀತು. ಕಪ್ಪಿ ಮೈಗೆ ತನ್ನದೇ ಕಾವು ಇರಂಗಿಲ್ಲ, ಕುಂತ ಜಾಗಾದ ಕಾವೇ ಅದರದು. ಹಗಲೆಲ್ಲಾ ಕಾದ ಗುಂಡು ಸಂಜಿಗೂ ಬೆಚ್ಚಗ ಇರತೈತಿ, ಅದಕ್ಕ ಅಲ್ಲಿ ಕೂಗು ಜೋರು. ತ್ವಾಟ ತಂಪು, ಕೂಗು ನಿಧಾನ. ಜಡಿಮಳಿ ಹಿಡದ ದಿನ ಗುಂಡಿನ ಮ್ಯಾಲಿನವೂ ನಿಧಾನ ಕೂಗ್ಯಾವು. ಹಳೇ ರೆಕಾರ್ಡಿಂಗು ತಿರುವಿ ತಿರುವಿ ನೋಡಿದೆ, ದಿನಾ ಬರದಿಟ್ಟಿದ್ದ ಥರ್ಮಾಮೀಟರಿನ ಲೆಕ್ಕ ಕೂಡಿ ಬಂತು.

ಎರಡು ಜಾತಿ ಇಲ್ಲ ಅಪ್ಪಾ. ಒಂದೇ.

ಕುಣೀಬೇಕು ಅನಿಸ್ತು. ಯಾರ ಮುಂದ ಹೇಳಲಿ? ಹೊಳಿ ಆ ಕಡೆ ಎಲ್ಲಾರೂ. ಅದಕ್ಕ ನಿನಗ ಬರದೆ.

ಹುಲಿಗವ್ವ


ಗಿಣಿಗೇರಾ
ತಾ. ೧೧-೯-೨೦೨೫

ಚಿ. ಹುಲಿಗವ್ವಗ,

ನಿನ್ನ ಕಾಗದಾ ಎರಡು ಸಲ ಓದಿದೆ. ಚುಕ್ಕಿ ವಿಚಾರ ತಿಳೀತು. ಛಲೋ ಹಿಡದಿ. ನಿಮ್ಮವ್ವಗೂ ಓದಿ ಹೇಳಿದೆ, ಹೊಳಿ ಬಂದಾಗ ಒಬ್ಬಾಕೀನೇ ಅಲ್ಲಿ ಯಾಕ ಇದ್ದಿ ಅಂತ ಅಳಾಕತ್ತಿದ್ಲು.

ಆದ್ರ ನನ್ನ ಮಾತು ಕೇಳು. ಗೋವಿಂದರಾಜ ಸಾಹೇಬ್ರು ಎರಡು ಅಂದ್ರ ಎರಡು ಅನ್ನು. ಕಪ್ಪಿ ಒಂದಿದ್ರ ಏನು, ಎರಡಿದ್ರ ಏನು, ನಮ್ಮ ಜ್ವಾಳಾ ತಿಂತಾವೇನು? ಅವ್ರು ದೊಡ್ಡವ್ರು. ನಾಳೆ ಅವರ ಕೈಯಾಗಿಂದ ಒಂದು ಸರ್ಟಿಫಿಕೇಟು ಬೇಕು ನಿನಗ. ಹೂಂ ಅಂದ್ರ ಗಂಟಲೇನು ಹರಿಯಂಗಿಲ್ಲ.

ಹೊನ್ನೂರಪ್ಪನ್ನ ಬ್ಯಾರೆ ಶೆಡ್ಡಿಗೆ ಹಾಕ್ಯಾರ. ನನಗೇನೂ ತೊಂದ್ರಿ ಇಲ್ಲ. ನೀ ಕೇಳತಿ ಅಂತ ಮೊದಲೇ ಬರದೆ.

ನಿಮ್ಮಪ್ಪ
ಓಬಳೆಪ್ಪ


ಗಂಗಾವತಿ
೨೬ ಸೆಪ್ಟೆಂಬರ್ ೨೦೨೫

ಅಪ್ಪಾ,

ಹೂಂ ಅನ್ನಲಿಲ್ಲ. ಕೆಲಸ ಹೋತು.

ಸರ್ ವರದಿ ತಯಾರ ಮಾಡಿ ನಮ್ಮನ್ನ ಕರದಿದ್ರು. ಅದರಾಗ ಎರಡು ಜಾತಿ ಅಂತಾನೇ ಇತ್ತು. ಕೆಳಗ ಮೂರು ಹೆಸರು, ಮೂರನೇದು ನಂದು. ನಾ ಫೋಟೋ ತೋರಿಸಿದೆ, ಗೀಟು ತೋರಿಸಿದೆ. ಸರ್ ಒಂದು ಗಳಿಗೆ ನೋಡಿದ್ರು. ಆಮ್ಯಾಲ ಕಿಟಕಿ ಕಡೆ ತಿರುಗಿ ಏನೋ ಅಂದ್ರು. ಮುನವ್ವರನ ಮಾರಿ ಕೆಂಪಗಾತು.

‘ಮಾರಿ ಈ ಕಡೆ ಮಾಡ್ರಿ ಸರ್. ಅಂದದ್ದು ನನ್ನ ಬಗ್ಗೆ ಇದ್ರ ನನ್ನ ಮುಂದ ಅನ್ರಿ’ ಅಂದೆ.

ತಿರುಗಿದ್ರು. ಅವರೇನು ಕೆಟ್ಟವರಲ್ಲ ಅಪ್ಪಾ, ತಿರುಗಿ ಅದನ್ನೇ ಹೇಳಿದ್ರು. ‘ಕೂಗಿನ ವ್ಯತ್ಯಾಸ ಕಿವಿ ಇದ್ದವರಿಗೆ ತಿಳಿಯುತ್ತದೆ ಹುಲಿಗವ್ವ. ನಿಮಗೆ ಅದು ಕೇಳಿಸುವುದಿಲ್ಲ. ಈ ವಿಷಯದಲ್ಲಿ ನೀವು ಅಭಿಪ್ರಾಯ ಹೇಳದಿರುವುದೇ ಒಳ್ಳೆಯದು.’

‘ನನಗ ಕೇಳಂಗಿಲ್ಲರಿ. ಕೇಳೋದು ರೆಕಾರ್ಡರಿಗೆ. ಕಿವಿ ಇದ್ದವ್ರಿಗೆ ಬ್ಯಾರೆ ಅಂತ ಕೇಳಿಸಿದ್ದು ಒಂದೇ ಕಪ್ಪಿ ಗಂಟಲಿಂದ ಬಂದೈತಿ. ಇದಕ್ಕ ಕಿವಿ ಬೇಕಾಗಿಲ್ಲ, ತೊಡಿ ಮ್ಯಾಲಿನ ಚುಕ್ಕಿ ನೋಡ್ರಿ ಸಾಕು.’

‘ವರದಿ ಈ ವಾರ ಹೋಗಬೇಕು. ಸಹಿ ಹಾಕುತ್ತೀರೋ ಇಲ್ಲವೋ?’

‘ಎರಡು ಅಂತ ಬರದ ಕಾಗದಕ್ಕ ನನ್ನ ಹೆಸರು ಬ್ಯಾಡ್ರಿ.’

‘ಹಾಗಾದರೆ ನಾಳೆಯಿಂದ ಬರುವುದೂ ಬೇಡ.’

ನನ್ನ ಹೆಸರಿನ ಮ್ಯಾಲ ನಾನೇ ಗೀಟು ಎಳದೆ. ಸರ್ ಕೈಯಾಗಿನ ಪೆನ್ನು ಇಸಕೊಂಡೇ ಎಳದೆ. ಹೊರಗ ಬಂದು ಬಸ್ ಸ್ಟ್ಯಾಂಡಿನ್ಯಾಗ ಕುಂತೆ.

ಮುನವ್ವರ ಸಹಿ ಹಾಕಿದ. ಅವರ ಮನ್ಯಾಗ ದುಡಿಯೋಂವ ಅಂವ ಒಬ್ಬನೇ. ಬಸ್ ಸ್ಟ್ಯಾಂಡಿಗೆ ಬಂದು ನನ್ನ ಮುಂದ ನಿಂತ. ‘ಹೋಗು, ಸರ್ ಕಾಯತಿರತಾರ’ ಅಂದೆ. ಹೋದ.

ಮನಿಗೆ ಬರಂಗಿಲ್ಲ. ‘ನಾ ಹೇಳಿದ್ದಿಲ್ಲೇನು’ ಅಂತ ನೀ ಅನ್ನೋದನ್ನ ನೋಡಾಕ ಈಗ ನನಗ ತ್ರಾಣ ಇಲ್ಲ. ಕುಷ್ಟಗಿ ಕಾಲೇಜಿನ್ಯಾಗ ಅತಿಥಿ ಉಪನ್ಯಾಸಕರು ಬೇಕಾಗ್ಯಾರಂತ, ಅಲ್ಲಿ ಕೇಳತೇನಿ.

ಹುಲಿಗವ್ವ


ಗಿಣಿಗೇರಾ
೧೪ ಅಕ್ಟೋಬರ್ ೨೦೨೫

ಹುಲಿಗಿ,

ನಾ ನಿಮ್ಮವ್ವ ಕರಿಯವ್ವ ಹೇಳಾಕತ್ತೇನಿ, ಬಾಜೂ ಮನಿ ಹೇಮಾವತಿ ಬರಿಯಾಕತ್ತಾಳ. ಅಂದದ್ದು ಅಂದಂಗ ಬರಿ, ಬೈಗುಳ ಬಿಡಬ್ಯಾಡ ಅಂತ ಹೇಳೇನಿ.

ನಿಮ್ಮಪ್ಪಗ ಕಾರ್ಖಾನ್ಯಾಗ ಪೆಟ್ಟಾಗೈತಿ. ಜೀವಕ್ಕ ಏನಿಲ್ಲ, ಗಾಬರಿ ಆಗಬ್ಯಾಡ. ಕ್ರೇನಿನ ಕೊಕ್ಕಿ ಇಳದು ಬರುವಾಗ ಗಂಟಿ ಹೊಡದಾರ, ಎಲ್ಲಾರೂ ಸರದಾರ, ಇಂವ ನಿಂತಲ್ಲೇ ನಿಂತಾನ. ಬಲ ಭುಜಕ್ಕ ಬಡದು ಎಲುಬು ಮುರದೈತಿ. ಕೈ ಕೊರಳಿಗೆ ಕಟ್ಯಾರ. ಅದಕ್ಕ ಅಂವ ಬರದಿಲ್ಲ, ನಾ ಬರಸಾಕತ್ತೇನಿ.

ಆ ಗುತ್ತಿಗೆದಾರ ಭಾಡ್ಯಾ ಏನ ಮಾಡ್ಯಾನ ಗೊತ್ತೇನು? ಓಬಳೆಪ್ಪ ಕುಡದು ಕೆಲಸಕ್ಕ ಬಂದಿದ್ದ, ಅದಕ್ಕ ಸರೀಲಿಲ್ಲ ಅಂತ ಬರದಾನ. ಕುಡದಿದ್ದ ಅಂದ್ರ ದವಾಖಾನಿ ಖರ್ಚು ಅವರ ಮ್ಯಾಲ ಬರಂಗಿಲ್ಲ, ಇವನ್ನ ಹೊರಗ ಹಾಕಾಕೂ ಹಾದಿ ಆತು. ಮದುವಿ ಆದಾಗಿಂದ ನನ್ನ ಗಂಡ ಒಂದು ಹನಿ ಮುಟ್ಟಿಲ್ಲ, ಹುಲಿಗೆಮ್ಮನ ಆಣಿ.

‘ಯಾಕ ಸರೀಲಿಲ್ಲ, ಕಿವಿ ಕೇಳಲಿಲ್ಲ ಅಂತ ಹೇಳು’ ಅಂದ್ರ ಬಾಯಿ ಬಿಡವಲ್ಲ. ಕಿವುಡ ಅಂತ ತಿಳದ್ರ ನಾಳೆ ಯಾವ ಕಾರ್ಖಾನ್ಯಾಗೂ ನಿಂದ್ರಸಂಗಿಲ್ಲ ಅಂತಾನ. ಹಂಗಾದ್ರ ಕುಡುಕ ಅನಿಸಿಕೊಂಡು ಇರತಿಯೇನು ಅಂದೆ. ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ. ನನಗೇನು ಗೊತ್ತಿಲ್ಲೇನು? ಹಿಂದ ನಿಂತು ಕರದ್ರ ತಿರುಗಂಗಿಲ್ಲ. ಈ ಮನ್ಯಾಗ ಗಂಡಾ ಹೆಂಡತಿ ಜಗಳಾನೇ ನಿಂತು ಹೋಗೈತಿ, ನಾ ಬೈದದ್ದು ಅವಗ ಮುಟ್ಟಂಗಿಲ್ಲ.

ನೀ ಬಾ. ನಿನ್ನಂಥ ಮೊಂಡೀನೇ ಬೇಕಾಗೈತಿ ಈಗ.

ನಿಮ್ಮವ್ವ

(ಅಕ್ಕಾ, ಎರಡು ಬೈಗುಳ ನಾ ಬಿಟ್ಟೇನಿ. – ಹೇಮಾವತಿ)


ಕುಷ್ಟಗಿ
೨ ನವೆಂಬರ್ ೨೦೨೫

ಅಪ್ಪಾ,

ಮನಿಗೆ ಬಂದಾಗ ಜಗಳಾಡಬಾರದು ಅಂತ ಮಾಡಿದ್ದೆ. ಆದ್ರ ಜಗಳಾನೇ ಆತು. ಮುರದ ಭುಜ ಇಟಗೊಂಡು ನೀ ಎದ್ದು ಬಾಗಲಾ ಹಾಕಿಕೊಂಡಿ. ಬಾಗಲದ ಹೊರಗ ನಾ ಒದರಿದ್ದು ನಿನಗ ಕೇಳಲಿಲ್ಲ, ಒಳಗ ನೀ ಒದರಿದ್ದು ನನಗ ಕೇಳಲಿಲ್ಲ. ನಡುವ ಅವ್ವ ಒಬ್ಬಾಕೀನೇ ಎರಡೂ ಕೇಳಿದಾಕಿ. ಪಾಪ.

ಕಾರ್ಖಾನಿಗೆ ನಾನೇ ಹೋಗಿ ಹೇಳಿಬಿಡತಿದ್ದೆ. ಬಸ್ ಹತ್ತಾಕೂ ಹೋಗಿದ್ದೆ, ಆಮ್ಯಾಲ ತಿರುಗಿ ಬಂದೆ. ನನ್ನ ಕಿವಿ ಬಗ್ಗೆ ನೀ ಯಲಬುರ್ಗಾದವ್ರ ಮುಂದ ನನ್ನ ಪರವಾಗಿ ತೀರ್ಮಾನ ಮಾಡಿದಾಗ ನನಗ ಹೆಂಗ ಆಗಿತ್ತು ಅಂತ ನೆನಪಾತು. ನಿನ್ನ ಕಿವಿ ಬಗ್ಗೆ ನಾ ತೀರ್ಮಾನ ಮಾಡಂಗಿಲ್ಲ. ಬಾಯಿ ನಿಂದು, ನೀನೇ ಬಿಡಬೇಕು. ಬಿಡಲಿಲ್ಲ ಅಂದ್ರ ಅದೂ ನಿಂದೇ.

ಇಲ್ಲಿ ಕಾಲೇಜು ಕೆಲಸ ಸಿಕ್ಕೈತಿ. ಮೊದಲ ದಿನ ಬೋರ್ಡಿನ ಮ್ಯಾಲ ಬರದೆ: ನನಗ ಕಿವಿ ಕೇಳಂಗಿಲ್ಲ, ಕೇಳೋದಿದ್ರ ಕೈ ಎತ್ತಿ, ಎದ್ದು ನಿಂತು, ನನ್ನ ನೋಡಿ ಮಾತಾಡ್ರಿ. ಹಿಂದಿನ ಬೆಂಚಿನ್ಯಾಗ ಯಾರೋ ನಕ್ರು. ‘ನಗೋದು ನನಗ ಕಾಣತೈತಿ’ ಅಂದೆ. ನಗಿ ನಿಂತಿತು.

ಭುಜಕ್ಕ ಭಾರ ಹಾಕಬ್ಯಾಡ.

ಹುಲಿಗವ್ವ


ಗಿಣಿಗೇರಾ
ತಾ. ೨೯-೧೧-೨೦೨೫

ಚಿ. ಹುಲಿಗವ್ವಗ ನಿಮ್ಮಪ್ಪ ಬರಿಯೋದು.

ಕೈಗೆ ಕಟ್ಟಿದ ಪಟ್ಟಿ ಬಿಚ್ಯಾರ. ಅಕ್ಷರ ಡೊಂಕ ಆದ್ರ ಓದಿಕೋ.

ನಿನ್ನ ಕಾಗದ ಮುಟ್ಟಿತು. ಗುರುವಾರ ಕಾರ್ಖಾನಿ ಆಫೀಸಿಗೆ ಕರದಿದ್ರು. ನಿಮ್ಮವ್ವ ಬರತೇನಿ ಅಂತ ಹಟಾ ಹಿಡದು ಬಂದ್ಲು. ಹೊನ್ನೂರಪ್ಪನೂ ಪಾಳಿ ಬಿಟ್ಟು ಬಂದ. ಒಳಗ ಮೇಜಿನ ಹಿಂದ ಸಾಹೇಬ, ಬಾಜೂಕ ಗುತ್ತಿಗೆದಾರ. ಒಂದು ಕಾಗದ ಮುಂದ ಸರಿಸಿದ್ರು. ಕುಡದು ಬಂದದ್ದು ನನ್ನ ತಪ್ಪು, ಮುಂದ ಏನೂ ಕೇಳಂಗಿಲ್ಲ ಅಂತ ಅದರಾಗ ಬರದಿತ್ತು. ಸಹಿ ಮಾಡಿದ್ರ ಗೇಟಿನ್ಯಾಗ ಕಸಾ ಹೊಡಿಯೋ ಕೆಲಸ ಕೊಡಸತೇನಿ ಅಂತ ಗುತ್ತಿಗೆದಾರ ಕೈಸನ್ನಿ ಮಾಡಿ ಹೇಳಿದ. ನೋಡು, ಅವಗ ಗೊತ್ತಿತ್ತು. ಅದಕ್ಕ ಕೈಸನ್ನಿ.

ಪೆನ್ನು ಹಿಡದೆ. ಯಾಕೋ ಆಗಲಿಲ್ಲ. ಎದ್ದು ನಿಂತೆ.

‘ಸಾಹೇಬ್ರ, ನಾ ಕುಡುಕ ಅಲ್ಲರಿ. ಕಿವುಡ’ ಅಂದೆ.

ನನ್ನ ಬಾಯಾಗ ಆ ಮಾತು ಬಂದದ್ದು ಅದೇ ಮೊದಲು. ನಿಮ್ಮವ್ವ ಸೆರಗು ಬಾಯಿಗೆ ಇಟಗೊಂಡ್ಲು. ‘ಹುಟ್ಟಾ ಕಿವುಡ ಅಲ್ಲರಿ. ನಿಮ್ಮ ಶೆಡ್ಡಿಗೆ ಬರುವಾಗ ನನ್ನ ಕಿವಿ ಸೂಜಿ ಬಿದ್ರ ಕೇಳತಿದ್ವು. ಆ ಕಬ್ಬಿಣ ಬಡದು ಬಡದು ಹೋಗ್ಯಾವು. ನಿಮ್ಮ ಗಂಟಿ ನನಗ ಕೇಳಲಿಲ್ಲ. ಹಂಗ ಬರೀರಿ, ಅದಕ್ಕ ಸಹಿ ಮಾಡತೇನಿ.’

ಆಮ್ಯಾಲ ಅವ್ರು ಭಾಳ ಮಾತಾಡಿದ್ರು. ಬ್ಯಾರೆ ದಿನ ಆಗಿದ್ರ ಹೂಂ ಅಂತಿದ್ದೆ. ಆವತ್ತು ‘ಕೇಳಲಿಲ್ಲರಿ, ಇನ್ನೊಮ್ಮೆ ಹೇಳ್ರಿ’ ಅಂದೆ. ಇನ್ನೊಮ್ಮೆ ಹೇಳಿದ್ರು. ಮತ್ತ ‘ಕೇಳಲಿಲ್ಲರಿ’ ಅಂದೆ. ಸಾಹೇಬ ಸಾಕಾಗಿ ಕಾಗದದ ಮ್ಯಾಲ ಬರದು ತೋರಿಸಿದ. ಇಷ್ಟು ವರ್ಷದಾಗ ಅಂವ ನನಗ ಹೇಳಿದ್ದು ಪೂರಾ ತಿಳದದ್ದು ಅದೇ ಮೊದಲು.

‘ಇದು ನಿನ್ನ ಒಬ್ಬನ ಮಾತು, ಪುರಾವೆ ಏನು’ ಅಂತ ಬರದಿದ್ದ. ನಾ ಓದೋದರಾಗ ಹೊನ್ನೂರಪ್ಪ ಮುಂದ ಬಂದು ‘ಒಬ್ಬಂದಲ್ಲರಿ, ನಂದೂ ಒಂದು ಕಿವಿ ಹೋಗೈತಿ’ ಅಂದಾನ. ಅವನ ಕಿವಿ ಹೋದದ್ದು ನನಗೇ ಗೊತ್ತಿದ್ದಿಲ್ಲ ತಾಯಿ. ನನ್ನ ತೋಳು ಹಿಡದು ಜಗ್ಗತಿದ್ದಾಂವ ಅಂವ!

ಕೊಪ್ಪಳದಾಗ ಸರ್ಕಾರಿ ದವಾಖಾನ್ಯಾಗ ಪರೀಕ್ಷಿ ಆಗಬೇಕು ಅಂತ ಅರ್ಜಿ ಕೊಟ್ಟೀವಿ. ಕಾರ್ಮಿಕರ ಕಚೇರಿಗೂ ಒಂದು ಪ್ರತಿ ಕೊಟ್ಟೀವಿ. ಏನ ಆಗತೈತೋ ಗೊತ್ತಿಲ್ಲ. ಆವತ್ತು ಮನಿಗೆ ಬಂದು ಭಾಳ ಹಸ್ತು ಉಂಡೆ.

ನಿಮ್ಮಪ್ಪ
ಓಬಳೆಪ್ಪ


ಕುಷ್ಟಗಿ
೨೧ ಡಿಸೆಂಬರ್ ೨೦೨೫

ಅಪ್ಪಾ,

ನಿನ್ನ ಕಾಗದಾ ಸ್ಟಾಫ್ ರೂಮಿನ್ಯಾಗ ಓದಿ ಅತ್ತೆ. ಯಾಕ ಅಂತ ಕೇಳಿದವ್ರಿಗೆ ‘ನಮ್ಮಪ್ಪ ತಾ ಕಿವುಡ ಅಂತ ಹೇಳಿಕೊಂಡಾನ್ರಿ’ ಅಂದೆ. ಪಾಪ ಅಂತ ಸಮಾಧಾನ ಮಾಡಾಕ ಬಂದ್ರು. ಅವ್ರಿಗೆ ಹೆಂಗ ತಿಳಿಬೇಕು!

ನಿನ್ನೆ ಕೊಪ್ಪಳದಾಗ ಒಂದು ವಿಚಾರ ಸಂಕಿರಣ ಇತ್ತು. ಗೋವಿಂದರಾಜ ಸರ್ ಎರಡು ಜಾತಿ ಬಗ್ಗೆ ಮಾತಾಡೋರಿದ್ರು. ನಾನೂ ಹೆಸರು ಕೊಟ್ಟೆ, ಒಂದೇ ಜಾತಿ ಅಂತ ಮಾತಾಡಾಕ. ಸಂಘಟಕರು ‘ಮೇಡಂ, ಪ್ರಶ್ನೋತ್ತರ ಹೆಂಗ ಮಾಡತೀರಿ?’ ಅಂದ್ರು. ‘ಚೀಟಿ ಬರೀಲಿ, ಓದಿ ಉತ್ತರಾ ಕೊಡತೇನಿ. ಬರಿಯಾಕ ಬೇಜಾರ ಇದ್ದವ್ರು ಕೇಳೋದು ಬ್ಯಾಡ’ ಅಂದೆ.

ಬಾಗಲದಾಗ ಮುನವ್ವರ ನಿಂತಿದ್ದ. ಬ್ಯಾರೆ ಕಡೆ ಕೆಲಸಾ ಹಿಡದಾನಂತ. ‘ಅಕ್ಕಾ, ನಿನ್ನ ಹೆಸರಿನ ಕೆಳಗ ನನ್ನ ಹೆಸರೂ ಹಾಕತಿಯೇನು?’ ಅಂತ ಕೇಳಿದ. ತೋರಿಸಾಕ ತಂದಿದ್ದ ಚಿತ್ರಪಟದ ಮೊದಲ ಹಾಳಿ ಮ್ಯಾಲೇ ಪೆನ್ನಿನಿಂದ ಬರದು ಸೇರಿಸಿದೆ.

ಗುಂಡಿನ ಮ್ಯಾಲ ತಗದ ಫೋಟೋ, ತ್ವಾಟದಾಗ ತಗದ ಫೋಟೋ ಬಾಜೂ ಬಾಜೂ ತೋರಿಸಿದೆ. ಸಭಾ ಸುಮ್ಮನಿತ್ತೋ, ಗದ್ದಲ ಇತ್ತೋ ನನಗ ಗೊತ್ತಿಲ್ಲ. ಬಾಯಿಗಳು ಅಲ್ಲಾಡಲಿಲ್ಲ, ಅಷ್ಟು ನೋಡಿದೆ.

ಮೊದಲ ಚೀಟಿ ಬಂದದ್ದು ಗೋವಿಂದರಾಜ ಸರ್‌ದು. ಹೊರಗ ಎದ್ದು ಹೋಗತಾರ ಅಂತ ಮಾಡಿದ್ದೆ. ‘ಈ ಒಂದು ಗಂಡಿನ ವಿಷಯ ಒಪ್ಪುತ್ತೇನೆ. ಉಳಿದವೂ ಹೀಗೆಯೇ ಎಂದು ಒಂದೇ ಕಪ್ಪೆಯಿಂದ ಹೇಳಬಹುದೇ?’ ಅಂತ ಬರದಿದ್ರು. ಅದು ಬರೋಬ್ಬರಿ ಪ್ರಶ್ನೆ ಅಪ್ಪಾ. ನಾ ಆದ್ರೂ ಅದನ್ನೇ ಕೇಳತಿದ್ದೆ. ‘ಹೇಳಾಕ ಬರಂಗಿಲ್ಲರಿ. ಬರೂ ಮಳಿಗಾಲದಾಗ ಇನ್ನಷ್ಟು ಹಿಡೀತೇನಿ. ನೀವೂ ಹಿಡೀರಿ. ಅಲ್ಲೀತನಕ ಎರಡು ಅಂತ ನೀವು ಬರಿಯಂಗಿಲ್ಲ, ನಾನೂ ಇದೇ ಕಡೀ ಮಾತು ಅನ್ನಂಗಿಲ್ಲ’ ಅಂದೆ. ಸರ್ ತಲಿ ಅಲ್ಲಾಡಿಸಿದ್ರು. ಹೌದು ಅಂತೋ ಅಲ್ಲ ಅಂತೋ ತಿಳೀಲಿಲ್ಲ. ವರದಿ ಹಿಂದಕ್ಕ ತಗೊಂಡಾರ ಅಂತ ಸಂಜಿಗೆ ಮುನವ್ವರ ಮೆಸೇಜು ಹಾಕಿದ.

ನನಗ ಯಾರೂ ಕೆಲಸಾ ತಿರುಗಿ ಕೊಟ್ಟಿಲ್ಲ. ಕೊಟ್ರೂ ಕೊಡದಿದ್ರೂ ಮಳಿ ಬಿದ್ದ ದಿನ ನಾ ಗಡ್ಡಿಗೆ ಹೋಗಾಕೀನೇ.

ಹುಲಿಗವ್ವ


ಗಿಣಿಗೇರಾ
ತಾ. ೧೮-೧-೨೦೨೬

ಚಿ. ಹುಲಿಗವ್ವಗ ನಿಮ್ಮಪ್ಪ ಬರಿಯೋದು.

ಕುಡದಿದ್ದ ಅಂತ ಬರದದ್ದನ್ನ ತಗದಾರ. ದವಾಖಾನಿ ಖರ್ಚು ಕೊಟ್ಟಾರ. ಕ್ರೇನಿಗೆ ಗಂಟಿ ಜೋಡಿ ಕೆಂಪು ದೀಪ ಕುಂದ್ರಿಸ್ಯಾರ, ಅದು ತಿರುಗೋದು ಶೆಡ್ಡಿನ ಆ ತುದಿಗೂ ಕಾಣತೈತಿ. ಗುತ್ತಿಗೆದಾರ ನನ್ನ ಜೋಡಿ ಮಾತು ಬಿಟ್ಟಾನ. ಅವನ ಮಾತು ಮೊದಲೂ ನನಗ ಕೇಳತಿದ್ದಿಲ್ಲ.

ಕಿವಿ ಹೋದದ್ದಕ್ಕ ಏನ ಕೊಡತಾರ, ನನಗ ಯಾವ ಕೆಲಸ ಕೊಡತಾರ ಅನ್ನೋದು ಇನ್ನಾ ಕಚೇರ್ಯಾಗ ಐತಿ. ಬಿಡಂಗಿಲ್ಲ.

ಮೊನ್ನೆ ಕಿವಿ ಪರೀಕ್ಷಿ ಆತು. ಗಾಜಿನ ಸಣ್ಣ ಖೋಲ್ಯಾಗ ಕುಂದ್ರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೈಯಾಗ ಒಂದು ಗುಂಡಿ ಕೊಟ್ಟು, ಸಪ್ಪಳ ಕೇಳಿದ್ರ ಒತ್ತು ಅಂತ ಬರದು ತೋರಿಸಿದ್ರು. ಕಾರ್ಖಾನ್ಯಾಗೂ ವರ್ಷಕ್ಕೊಮ್ಮೆ ಇಂಥಾದ್ದೊಂದು ಮಾಡತಿದ್ರು. ಅಲ್ಲಿ ನಾ ನರ್ಸಮ್ಮನ ಕೈ ನೋಡತಿದ್ದೆ. ಆಕಿ ಮಷೀನು ತಿರುವಿದ ಕೂಡಲೇ ಒತ್ತತಿದ್ದೆ. ಪ್ರತಿ ವರ್ಷ ಪಾಸು.

ಇಲ್ಲೂ ಗಾಜಿನ ಆಚೆ ಡಾಕ್ಟರಮ್ಮನ ಕೈ ಕಾಣತಿತ್ತು. ಅಭ್ಯಾಸ ನೋಡು, ಬೆರಳು ತಾನೇ ಗುಂಡಿ ಮ್ಯಾಲ ಹೋತು.

ನಾ ಕಣ್ಣು ಮುಚ್ಚಿದೆ. ಕುಂತೆ. ಭಾಳ ಹೊತ್ತು ಕುಂತೆ. ಏನೂ ಕೇಳಲಿಲ್ಲ. ಒತ್ತಲಿಲ್ಲ.

ಕಣ್ಣು ತಗದಾಗ ಡಾಕ್ಟರಮ್ಮ ಬಾಗಲಾ ತಗದು ನಿಂತಿದ್ರು. ಹೊರಗ ಬೆಂಚಿನ ಮ್ಯಾಲ ಹೊನ್ನೂರಪ್ಪ, ಅವನ ಆಚೆ ನಮ್ಮ ಶೆಡ್ಡಿನ ಮಂದಿ ಪರೀಕ್ಷಿಗೆ ಗ್ವಾಡಿತನಕ ಸಾಲು ಹಚ್ಚಿ ಕುಂತಿದ್ರು. ನಾ ಹೊರಗ ಬಂದು ಹೊನ್ನೂರಪ್ಪನ ತೋಳು ಹಿಡದು ಎಬ್ಬಿಸಿ, ಅವನ ಮಾರಿ ಮುಂದ ನಿಂತು ಹೇಳಿದೆ:

‘ಹೋಗು. ಕೇಳಿದ್ರ ಅಷ್ಟೇ ಒತ್ತು.’

ನಿಮ್ಮಪ್ಪ
ಓಬಳೆಪ್ಪ